ಅಂಗಳಕ್ಕೆ ಬಂದ ದೊಡ್ಡಮ್ಮ

ಅದು 1963ನೇ ಇಸವಿಯ ಬೇಸಿಗೆ. ಶಿಡ್ಲಘಟ್ಟದ ಸಾಹೇಬರೊಬ್ಬರ ಮನೆಗೆ ಸೇರಿದಂತಿದ್ದ ಶೆಡ್ಡಿನಲ್ಲಿ ನಾನು ರೇಷ್ಮೆ ನೂಲು ತೆಗೆಯುತ್ತಿದ್ದೆ. ಮಗಳಿಗೆ ಮೂರು ತಿಂಗಳು. ಅವಳು ಹೊಟ್ಟೆಯಲ್ಲಿದ್ದಾಗಲೇ ನಮ್ಮವರು ಜ್ವರದಿಂದ ತೀರಿಕೊಂಡಿದ್ದರು. ಹೆರಿಗೆಗೆ ರಜೆ, ಅದಕ್ಕೊಂದು ಸಂಬಳ ಎಂಬುದನ್ನೆಲ್ಲ ನಮ್ಮಂಥವರು ಕೇಳಿಯೂ ಇರಲಿಲ್ಲ. ಬಾಣಂತನ ಮುಗಿಸಿ ಬರುವಷ್ಟರಲ್ಲಿ ನಮ್ಮ ಚರಕದ ಮುಂದೆ ಇನ್ನೊಬ್ಬಳು ಕೂತಿರುತ್ತಿದ್ದಳು. ನನ್ನ ಜಾಗ ಉಳಿದಿದ್ದೇ ಪುಣ್ಯ. ಅದೂ ಹೋದರೆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ.

ಕೂಸನ್ನು ನೋಡಿಕೊಳ್ಳುವವರು ಯಾರೂ ಇಲ್ಲದ್ದರಿಂದ ಜೊತೆಗೇ ಒಯ್ದು ಅಂಗಳದ ಹೊಂಗೆಮರಕ್ಕೆ ಸೀರೆಯ ಜೋಲಿ ಕಟ್ಟುತ್ತಿದ್ದೆ. ನಮ್ಮ ಕೆಲಸವೋ, ಬಿಸಿನೀರಿನಲ್ಲಿ ಗೂಡು ಬೆಂದು ಎಳೆ ಸಿಕ್ಕಿತೆಂದರೆ ಕೈ ತೆಗೆಯುವಂತಿಲ್ಲ. ಎದ್ದರೆ ಎಳೆ ಹರಿಯುತ್ತದೆ, ಗೂಡು ಅತಿಯಾಗಿ ಬೆಂದು ಹಾಳಾಗುತ್ತದೆ, ಚರಕ ತಿರುಗಿಸುವವನೂ ಸುಮ್ಮನೆ ಕೂರಬೇಕು. ಮಗು ಅತ್ತಾಗಲೆಲ್ಲ ನಾನು ಎದ್ದು ಹೋಗುವುದನ್ನು ನೋಡಿ ನೋಡಿ ಮೇಸ್ತ್ರಿಗೆ ರೇಗಿಹೋಗಿತ್ತು. ಆತ ಕೆಟ್ಟವನೇನಲ್ಲ, ಬಾಯಿ ಮಾತ್ರ ಬೊಂಬಾಯಿ. ಒಂದು ಬೆಳಿಗ್ಗೆ ಖಡಾಖಂಡಿತವಾಗಿ ಹೇಳಿಬಿಟ್ಟ.

"ಇವತ್ತು ಇನ್ನೊಂದ್ ಸಲ ಎದ್ರೆ ಹಂಗೇ ಮನೇಗ್ ಹೊಂಟೋಗಮ್ಮ. ನಾಳೆಯಿಂದ ಬೇರೆಯವ್ರನ್ನ ಕೂರಿಸ್ತೀನಿ."

ಬಿಸಿಲೇರುವ ಹೊತ್ತಿಗೆ ಮಗು ಅಳತೊಡಗಿತು. ನಾನು ತಲೆ ಎತ್ತಲಿಲ್ಲ. ಎದೆಹಾಲು ಇಳಿದು ರವಿಕೆ ಒದ್ದೆಯಾಯಿತು. ಅತ್ತು ಅತ್ತು ಕೂಸಿನ ದನಿ ಕೀರಲಾಯಿತು. ಪಕ್ಕದ ಚರಕದವಳು ಹೋಗು ಎಂದು ಕಣ್ಸನ್ನೆ ಮಾಡಿದಳು. ಹೇಳುವುದು ಸುಲಭ, ನಾಳೆ ಹಿಟ್ಟಿಗೆ ಕಾಸು ಅವಳು ಕೊಡುತ್ತಾಳೆಯೇ? ಹಲ್ಲು ಕಚ್ಚಿಕೊಂಡು ಕೂತೆ. ಅಷ್ಟರಲ್ಲಿ ಅಳು ಇದ್ದಕ್ಕಿದ್ದಂತೆ ನಿಂತುಹೋಯಿತು. ಕೂಸಿಗೇನಾಯಿತೋ! ಕೆಲಸ ಹಾಳಾಗಿ ಹೋಗಲಿ ಎಂದು ಹೊರಗೆ ಓಡಿದೆ.

ಅಂಗಳದ ನಡುವೆ ಸಾಹೇಬರ ತಾಯಿ ನನ್ನ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದರು. ನಾವೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆವು. ಗೋಷಾ ಬಿಡದ ಹೆಂಗಸು. ಪರಗಂಡಸರು ಓಡಾಡುವ ಆ ಅಂಗಳಕ್ಕೆ ಎಂದೂ ಕಾಲಿಟ್ಟವರಲ್ಲ. ಅವತ್ತು ಬುರ್ಖಾ ಹಾಕಿಕೊಳ್ಳಲೂ ನಿಲ್ಲದೆ ಓಡಿಬಂದಿದ್ದರು. ತಲೆಯ ಮೇಲಿನ ಸೆರಗು ಜಾರಿ ನರೆಗೂದಲು ಕಾಣುತ್ತಿತ್ತು, ಅದನ್ನು ಎಳೆದುಕೊಳ್ಳುವ ಗೊಡವೆಗೂ ಹೋಗಿರಲಿಲ್ಲ. ದೇವರನ್ನು ಕಂಡಂತೆ ನಾನು ಕೈ ಮುಗಿದುಬಿಟ್ಟೆ.

ಸಾಹೇಬರು ಗಾಬರಿಯಿಂದ ಬಂದರು. ದೊಡ್ಡಮ್ಮ ಮಗನಿಗೆ ಉರ್ದುವಿನಲ್ಲಿ ಏನೋ ಹೇಳಿ, ಆಮೇಲೆ ಶೆಡ್ಡಿನೊಳಗಿದ್ದ ಮೇಸ್ತ್ರಿಗೂ ಕೇಳಲೆಂದು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದರು.

"ಮಗು ಅತ್ರೆ ಇವ್ಳ ಚರಕ ನಿಲ್ಲಲಿ. ಹಾಲು ಕುಡ್ಸಿ ಬರ್ತಾಳೆ. ಅದಕ್ಕೆ ಕೂಲಿ ಹಿಡೀಬೇಡಿ."

ಸಾಹೇಬರು ಒಪ್ಪಿದರು. ಅವತ್ತಿನಿಂದ ನನ್ನ ಜೋಲಿ ಒಳಮನೆಗೆ, ದೊಡ್ಡಮ್ಮನ ಕೋಣೆಗೆ ಹೋಯಿತು. ಮುಂದೆ ಹಡೆದು ಬಂದವರ ಕೂಸುಗಳೂ ಅಲ್ಲೇ ಬೆಳೆದವು, ಅವರ ಜಾಗಗಳೂ ಉಳಿದವು. ಈಗ ದೊಡ್ಡ ಕಂಪನಿಗಳು ಇಂಥ ಅನುಕೂಲ ಮಾಡಿಕೊಡುತ್ತವೆ ಎಂದು ಕೇಳಿದಾಗ ಸಂತೋಷವಾಗುತ್ತದೆ. ನಮಗೆ ಅದನ್ನು ಕೊಟ್ಟವರು ಒಬ್ಬ ಅಜ್ಜಿ.

ದೊಡ್ಡಮ್ಮ ಮತ್ತೆಂದೂ ಅಂಗಳಕ್ಕೆ ಬರಲಿಲ್ಲ. ವರ್ಷಗಳ ಮೇಲೆ ಅವರು ತೀರಿಕೊಂಡಾಗ ಮೇಸ್ತ್ರಿ ನನ್ನ ಜೊತೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ಎಂಥ ಲಕ್ಷಣವಾದ ಮುಖ, ಅವತ್ತು ನೀನೂ ನೋಡಿದೆಯಲ್ಲಣ್ಣ ಎಂದೆ.

"ನಾನ್ ನೋಡ್ಲಿಲ್ಲಮ್ಮ," ಅಂದ. "ಆವಮ್ಮ ಹೊರಗ್ ಬಂದಿದ್ದು ಕಂಡಿದ್ದೇ ನಾವ್ ಗಂಡಸ್ರೆಲ್ಲಾ ಗೋಡೆ ಕಡೆ ತಿರುಗ್ಬಿಟ್ವಿ."

ಮಗುವಿನ ಗಾಬರಿಯಲ್ಲಿ ನಾನು ಅದನ್ನು ಗಮನಿಸಿರಲೇ ಇಲ್ಲ. ಆ ಬಾಯಿಬಡುಕ ಮೇಸ್ತ್ರಿಯೂ ಗೋಡೆಗೆ ಮುಖ ಮಾಡಿ ನಿಂತಿದ್ದನೆಂದು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.