ಗೌಡರಿಗೆ ಇಂಗ್ಲಿಷ್ ಸಿನಿಮಾ ತಿಳಿಸಿ ಹೇಳಿದ್ದು

ಅದು ೧೯೭೮ನೆಯ ಇಸವಿ. ಬಿ.ಎ., ಬಿ.ಎಡ್. ಮುಗಿಸಿದ ನಾನು ವಿಜಾಪುರದ ಜೋರಾಪುರ ಪೇಟೆಯಲ್ಲಿ ಸೋದರಮಾವನ ಮನೆಯಲ್ಲಿದ್ದು ನೌಕರಿ ಹುಡುಕುತ್ತಿದ್ದೆ. ಹುಡುಕಾಟಕ್ಕೆ ಎರಡನೆಯ ವರ್ಷ ನಡೆದಿತ್ತು. ಅತ್ತೆ ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಆದರೆ ನನ್ನ ತಾಟಿಗೆ ಬೀಳುವ ಒಣಗಿದ ಕಟಕ ರೊಟ್ಟಿಯ ಸಪ್ಪಳ ಮಾತ್ರ ತಿಂಗಳಿಂದ ತಿಂಗಳಿಗೆ ಏರುತ್ತಿತ್ತು.

ಅಂಥದರಲ್ಲಿ ಟಿಕೋಟಾ ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರ ಜಾಗ ಖಾಲಿಯಾಯಿತು. ಹಿಂದೆ ಇದ್ದವರು ಇನ್‌ಸ್ಪೆಕ್ಟರು ಬಂದಾಗಲೆಲ್ಲ ಹೊಟ್ಟೆನೋವೆಂದು ಮಲಗುತ್ತಿದ್ದರಂತೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಸಂಗತಿ ಬೆಳಕಿಗೆ ಬರಲು ಕೆಲವು ವರ್ಷಗಳೇ ಹಿಡಿದವು. ಶಾಲೆಯ ಚೇರ್ಮನ್ನರಾದ ಸಂಗನಗೌಡರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಕಮಿಟಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಹೀಗಿರುವಾಗ ಅರ್ಜಿ ಹಿಡಿದು ಹೋಗಿ ನಿಂತ ನನ್ನನ್ನು ಪರೀಕ್ಷಿಸುವುದು ಹೇಗೆ? ಈ ಘನವಾದ ಸಮಸ್ಯೆಯನ್ನು ಬಿಡಿಸಿದವರು ಗೌಡರ ಬಾಲ್ಯದ ಗೆಳೆಯರು, ಗಾಂಧಿ ಚೌಕದ ಕಿರಾಣಿ ವ್ಯಾಪಾರಿ ಮೌಲಾಸಾಬರು.

“ರವಿವಾರ ಮುಂಜಾನೆ ಟಾಕೀಜಿನಾಗ ಇಂಗ್ಲಿಷ್ ಪಿಚ್ಚರ್ ಹಾಕ್ತಾರ. ಇವರನ್ನ ನಡುವ ಕುಂದರಿಸಿಕೊಂಡು, ಅಂವ ಏನಂದ, ಇಕಿ ಏನಂದ್ಳು ಅಂತ ಕೇಳೂನು. ಹೇಳಿದ್ರ ಇಂಗ್ಲಿಷ್ ಬಂತು, ಹೇಳಲಿಲ್ಲಂದ್ರ ಬರಲಿಲ್ಲ. ಅದರಾಗೇನೈತಿ?”

ಗೌಡರು ಒಪ್ಪಿದರು. ನಾನು ಒಪ್ಪದೆ ಗತಿಯಿರಲಿಲ್ಲ.

ನನಗೆ ಇಂಗ್ಲಿಷ್ ಬರುತ್ತಿತ್ತು, ಸುಳ್ಳಲ್ಲ. ವ್ಯಾಕರಣ ಬಾಯಿಪಾಠವಾಗಿತ್ತು. ಆದರೆ ಬಿಳಿಯರು ಆ ಭಾಷೆಯನ್ನು ಮಾತಾಡಿದ್ದನ್ನು ನಾನೆಂದೂ ಕೇಳಿರಲಿಲ್ಲ. ಶನಿವಾರವಿಡೀ ಕುಳಿತಲ್ಲಿ ಕೂಡಲಾಗಲಿಲ್ಲ. ಡಿಕ್ಷನರಿ ತೆಗೆದೆ, ಮುಚ್ಚಿದೆ, ಓಣಿಯ ಈ ತುದಿಯಿಂದ ಆ ತುದಿಗೆ ತಿರುಗಿದೆ. “ಯಾಕೋ, ಏನರ ಕಳಕೊಂಡೀಯೇನು?” ಎಂದು ಅತ್ತೆ ಕೇಳಿದಳು. ಇನ್ನೂ ಕಳೆದುಕೊಂಡಿರಲಿಲ್ಲ.

ರವಿವಾರ ಟಾಕೀಜಿನ ಹೊರಗೆ ಪೋಸ್ಟರು ನೋಡಿದೆ. ಅರ್ಧ ಸಮುದ್ರ, ಇನ್ನರ್ಧ ಚೂರಿ ಹಿಡಿದ ಕೈ. ಇದು ಕೊಲೆಯ ಕಥೆ, ಗಂಭೀರವಾದದ್ದು ಎಂದು ಅಲ್ಲಿಯೇ ತೀರ್ಮಾನಿಸಿ ಒಳಗೆ ಹೋದೆ. ಎಡಕ್ಕೆ ಗೌಡರು, ಬಲಕ್ಕೆ ಮೌಲಾಸಾಬರು, ನಡುವೆ ಅಭ್ಯರ್ಥಿ. ಗೌಡರು ತಲೆಯ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಪರದೆ ಬೆಳಗಿತು. ಸಮುದ್ರದ ದಂಡೆ, ಉಸುಕು, ಈಜುಡುಗೆ ತೊಟ್ಟು ಕುಣಿಯುವ ಹುಡುಗಿಯರು, ಗಿಟಾರು ಹಿಡಿದ ಹುಡುಗರು. ಎಲ್ಲರೂ ಒಟ್ಟಿಗೆ ಮಾತಾಡಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ.

“ಮಾಸ್ತರ್ರ, ಇವರ್ಯಾರ್ರಿ? ಯಾಕ ಹಿಂಗ ನಿಂತಾರ?” ಗೌಡರು ತಲೆ ತಗ್ಗಿಸಿಯೇ ಕೇಳಿದರು.

ಮೊದಲ ದೃಶ್ಯದಲ್ಲಿಯೇ ನೌಕರಿ ನೀರಿಗೆ ಬೀಳುವುದು ಕಂಡಿತು. “ಸಮುದ್ರದ ಕಡೆ ಸಾಲಿ ಹುಡುಗ್ಯಾರ್ರಿ. ಈಜೂ ಪರೀಕ್ಷಾ ನಡದೈತಿ.”

“ಮತ್ತ ಗಿಟಾರ ಹಿಡದವರು?” ಮೌಲಾಸಾಬರು.

“ಅವರು ಪರೀಕ್ಷಕರ್ರಿ.”

“ಪರೀಕ್ಷಾದಾಗ ಕುಣೀತಾರೇನ್ರಿ?”

“ಪಾಸಾದವರು ಕುಣೀತಾರ್ರಿ.”

ಅಷ್ಟರಲ್ಲಿ ಬಂಡೆಯ ಹಿಂದಿನಿಂದ ಮುಖವಾಡದವನೊಬ್ಬ ಉದ್ದನೆಯ ಚೂರಿ ಹಿಡಿದು ಬಂದ. ನನಗೆ ಜೀವ ಬಂತು. ಚೂರಿಗೆ ಭಾಷೆ ಬೇಕಿಲ್ಲ. “ಕೊಲಿಗಾರ್ರಿ!” ಎಂದೆ. ಮುಂದಿನ ಸಾಲಿನ ಕಾಲೇಜು ಹುಡುಗರು ಹೋ ಎಂದು ನಕ್ಕರು.

“ಅವರ್ಯಾಕ ನಗಾಕತ್ತಾರ?” ಗೌಡರು ಕೇಳಿದರು.

“ತಿಳುವಳಿಕಿ ಇಲ್ರಿ ಅವರಿಗೆ.”

ಕೊಲೆಗಾರ ಒಬ್ಬಳ ಹಿಂದೆ ಬಂದು ಚೂರಿ ಎತ್ತಿದ. ಅವಳು ತಿರುಗಿ ನೋಡದೆ ಒಂದು ಬಾಟಲಿ ಕೈಗೆ ಕೊಟ್ಟಳು. ಅವನು ಚೂರಿ ಬದಿಗಿಟ್ಟು ಅವಳ ಬೆನ್ನಿಗೆ ಎಣ್ಣೆ ಹಚ್ಚಿದ. “ಪಶ್ಚಾತ್ತಾಪ ಆಗೈತ್ರಿ ಅವಂಗ,” ಎಂದೆ. ಆಮೇಲೆ ಇನ್ನೊಬ್ಬಳನ್ನು ಕೊಂದೇಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಹೆಣ ಮೂಗು ಕೆರೆದುಕೊಂಡಿತು. “ಜೀವಾ ಪೂರ್ತಿ ಹೋಗಿಲ್ರಿ.”

ಆಗ ಗೌಡರ ಕಡೆ ನೋಡಿದೆ. ರುಮಾಲಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಹೆಗಲು ಅಲುಗುತ್ತಿತ್ತು, ಕಣ್ಣಲ್ಲಿ ನೀರು. ಎಂಥ ಮೃದು ಹೃದಯ! ನನ್ನ ಕಂಠಕ್ಕೂ ಕರುಣರಸ ಏರಿತು. “ತಾಯಿಗೆ ಒಬ್ಬಾಕೆ ಮಗಳ್ರಿ. ಮುಂದಿನ ವಾರ ಲಗ್ನ ಇತ್ತು,” ಎಂದೆ. ಗೌಡರು ಮುಂದಕ್ಕೆ ಬಾಗಿ ಇನ್ನೂ ಜೋರಾಗಿ ಅಲುಗಿದರು. ಹಿಂದಿನಿಂದ ಯಾರೋ, “ಸ್ವಲ್ಪ ಗಟ್ಟಿಯಾಗಿ ಹೇಳ್ರೀ, ನಮಗೂ ಕೇಳಲಿ,” ಎಂದರು. ಗಟ್ಟಿಯಾಗಿಯೇ ಹೇಳಿದೆ.

ಇಂಟರ್ವಲ್ಲಿನಲ್ಲಿ ನೀರು ಕುಡಿಯುವ ನೆಪದಲ್ಲಿ ಹೊರಗೆ ಬಂದೆ. ಗೇಟು ತೆರೆದಿತ್ತು. ಹೀಗೆಯೇ ಬಸ್‌ಸ್ಟ್ಯಾಂಡಿಗೆ ಹೋಗಿ ಮಮದಾಪುರದ ಬಸ್ಸು ಹತ್ತಿ, ಅಕ್ಕನ ಮನೆಯಲ್ಲಿ ನಾಲ್ಕು ದಿನ ಮುಖ ಮುಚ್ಚಿಕೊಂಡಿದ್ದರಾಯಿತು ಅನ್ನಿಸಿತು. ಎರಡು ಹೆಜ್ಜೆ ಇಟ್ಟೂಬಿಟ್ಟೆ. ಆದರೆ ಮುಂದೊಂದು ದಿನ ಜೋರಾಪುರ ಪೇಟೆಗೆ ಮರಳಲೇಬೇಕಲ್ಲ! ಗಂಟೆ ಬಾರಿಸಿತು, ಒಳಗೆ ಹೋದೆ.

ಉಳಿದರ್ಧದಲ್ಲಿ ಕೊಲೆಗಾರ ಕುಣಿಯುವವರ ಸಾಲಿನಲ್ಲಿ ಸಿಕ್ಕಿಬಿದ್ದು ತಾನೂ ಕುಣಿದ. ಕೊನೆಗೆ ಪೊಲೀಸರು ಮುಖವಾಡ ಕಿತ್ತರೆ ಒಳಗೊಂದು ಮುಖವಾಡ, ಅದನ್ನು ಕಿತ್ತರೆ ಮತ್ತೊಂದು. ಕಟ್ಟಕಡೆಗೆ ಒಬ್ಬ ಬೋಳುತಲೆಯ ಮುದುಕ ಹೊರಬಂದ.

“ಯಾರ್ರಿ ಅಂವ?” ಹಿಂದಿನ ಸಾಲಿಗೆ ಸಾಲೇ ಕೇಳಿತು.

“ಹುಡುಗೀ ಕಾಕಾರ್ರಿ. ಆಸ್ತಿ ಸಲುವಾಗಿ ಮಾಡ್ಯಾನ.”

ಹೊರಗೆ ಬಂದು ಚಹದಂಗಡಿಯ ಬೆಂಚಿನ ಮೇಲೆ ಕುಳಿತೆವು. ಗೌಡರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಸಾಂತ್ವನ ಹೇಳುವುದು ನನ್ನ ಕರ್ತವ್ಯವೆನಿಸಿತು. “ಭಾಳ ದುಃಖದ ಕಥಿ ನೋಡ್ರಿ,” ಎಂದೆ.

ಗೌಡರು ನನ್ನನ್ನೊಮ್ಮೆ ನೋಡಿದರು. ಕಪ್ಪು ಕೆಳಗಿಟ್ಟರು. ಆಮೇಲೆ ತಡೆಹಿಡಿದದ್ದೆಲ್ಲ ಒಮ್ಮೆಗೇ ಹೊರಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು. “ಮೌಲಾ, ಕಾಕಾನಂತೋ! ಆಸ್ತಿಯಂತೋ!” ಮೌಲಾಸಾಬರು ಬೆಂಚು ಕುಟ್ಟಿ ಕುಟ್ಟಿ ನಕ್ಕರು.

“ಮಾಸ್ತರ್ರ,” ಗೌಡರು ಉಸಿರು ತಂದುಕೊಂಡು ಹೇಳಿದರು, “ನಿಮಗ ಕಣ್ಣರ ಅದಾವಿಲ್ಲ? ಹೆಣ ಮೂಗು ಕೆರಕೊಂತು. ಕೊಲ್ಲಾಕ ಬಂದಾವ ಎಣ್ಣಿ ತಿಕ್ಕಿದ. ಇದಕ್ಕ ಇಂಗ್ಲಿಷ್ ಯಾಕ ಬೇಕ್ರಿ? ನಗಸಾಕಂತನ ತಗದಾರ ಅದನ್ನ!”

ಹಳೆಯ ಕಾಲದ ಸಮುದ್ರದಂಡೆಯ ಪ್ರೇಮದ ಸಿನಿಮಾಗಳನ್ನೂ ಚೂರಿಯ ಸಿನಿಮಾಗಳನ್ನೂ ಕೂಡಿಸಿ ಲೇವಡಿ ಮಾಡಿದ ಚಿತ್ರ ಅದೆಂದು ಆಮೇಲೆ ಓದಿ ತಿಳಿದೆ. ಟಾಕೀಜಿನಲ್ಲಿ ಶೇಂಗಾ ಮಾರುವವನಿಗೂ ಕಂಡದ್ದು ನನಗೊಬ್ಬನಿಗೆ ಕಂಡಿರಲಿಲ್ಲ. ಶಬ್ದ ಹಿಡಿಯುವ ಗಡಿಬಿಡಿಯಲ್ಲಿ ನಾನು ಪರದೆಯನ್ನು ನೋಡಿಯೂ ನೋಡಿರಲಿಲ್ಲ.

“ಹಂಗಾದ್ರ ನಾ ಬರ್ತೀನ್ರಿ,” ಎಂದು ಎದ್ದೆ.

“ಎಲ್ಲಿಗ್ರಿ? ಚಾ ಮುಗಸ್ರಿ ಮೊದಲ,” ಮೌಲಾಸಾಬರು ಅಂಗಿ ಹಿಡಿದು ಕೂರಿಸಿದರು.

ಗೌಡರು ಈಗ ಗಂಭೀರರಾಗಿದ್ದರು. “ಇಂಗ್ಲಿಷ್ ಜಾಗಾ ನಿಮಗ ಕೊಡಂಗಿಲ್ಲ. ಒಮ್ಮೆ ಸುಟ್ಟುಕೊಂಡೀವಿ. ಆದರ ನಮ್ಮ ಕನ್ನಡ ಪಂಡಿತರು ಜೂನ್‌ಕ್ಕ ರಿಟೈರ್ ಆಗ್ತಾರ. ಅವರ ತಾಸಿನಾಗ ಹುಡುಗರು ಗೊರಕಿ ಹೊಡೀತಾವ. ನಾ ನೋಡೀನಿ, ಹಿಂದಿನ ಸಾಲಿನವರು ಪಿಚ್ಚರ್ ಬಿಟ್ಟು ಬಗ್ಗಿ ಬಗ್ಗಿ ನಿಮ್ಮ ಮಾರಿ ನೋಡಾಕತ್ತಿದ್ರು. ಕನ್ನಡ ಕಲಸ್ತೀರೇನು?”

ಹ್ಞೂಂ ಎಂದು ತಲೆ ಆಡಿಸಿದೆ.

ಆ ಶಾಲೆಯಲ್ಲಿಯೇ ಕನ್ನಡ ಕಲಿಸಿ ನಿವೃತ್ತನಾದೆ. ಅವರು ನನ್ನನ್ನು ಯೋಗ್ಯತೆ ಕಂಡು ತೆಗೆದುಕೊಂಡರೋ, ಅಷ್ಟು ನಗಿಸಿದ್ದಕ್ಕೆ ಉಪಕಾರವೆಂದು ತೆಗೆದುಕೊಂಡರೋ, ಇವತ್ತಿಗೂ ಬಗೆಹರಿದಿಲ್ಲ. ಬದುಕಿರುವವರೆಗೆ ಗೌಡರು ಶಾಲೆಗೆ ಬಂದಾಗಲೆಲ್ಲ ನನ್ನ ಕ್ಲಾಸಿನ ಕಿಟಕಿಯ ಬಳಿ ನಿಲ್ಲುತ್ತಿದ್ದರು. ನನ್ನ ಮಾತು ನಡುವೆಯೇ ಕಡಿಯುತ್ತಿತ್ತು. “ನಡೀಲಿ ಮಾಸ್ತರ್ರ, ನಾ ಕೇಳಾಕ ಬಂದಿಲ್ಲ, ನೋಡಾಕ ಬಂದೀನಿ,” ಅನ್ನುತ್ತಿದ್ದರು. ಆಗ ನಾನೂ ಪುಸ್ತಕದಿಂದ ಕಣ್ಣೆತ್ತಿ ಹುಡುಗರ ಮುಖಗಳನ್ನು ಒಂದೊಂದಾಗಿ ನೋಡಿ, ಆಮೇಲೆ ಮುಂದಿನ ಸಾಲು ಓದುತ್ತಿದ್ದೆ.