ಬುಟ್ಟಿ ಒದೆಯದ ಬಜಾರಿ

ಮೂರು ವರ್ಷಗಳ ಹಿಂದೆ ನಾನೊಂದು ಟಿವಿ ಧಾರಾವಾಹಿಗೆ ಸಂಭಾಷಣೆ ಬರೆಯುತ್ತಿದ್ದೆ. ಕಥೆ ಬೇರೆಯವರದು, ಅವರು ಕಳಿಸಿದ ದೃಶ್ಯಕ್ಕೆ ಮಾತು ತುಂಬುವುದು ನನ್ನ ಕೆಲಸ. ಅದಾಗಲೇ ಹನ್ನೊಂದು ವರ್ಷ, ಅತ್ತೆಗೆ ಎದುರಾಡುವ, ತಟ್ಟೆ ಎಸೆಯುವ, ಗಂಡನ ಕೊರಳಪಟ್ಟಿ ಹಿಡಿಯುವ ಹೆಂಗಸರನ್ನೇ ಬರೆದು ಬದುಕಿದ್ದೆ. ಸ್ವತಃ ನಾನು, ಕಾರವಾರದ ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ನಾನೇ ‘ಸಾರಿ’ ಹೇಳುವವಳು.

ಆ ಸಲದ ನಾಯಕಿ ಮೀನು ಮಾರುವ ಬಜಾರಿ. ಚಿತ್ರೀಕರಣ ಅಂಕೋಲೆಯಲ್ಲಿ. TRP, ಅಂದರೆ ಎಷ್ಟು ಜನ ನೋಡಿದರು ಎಂಬ ಅಳತೆ, ಕೆಳಗಿಳಿದಿತ್ತು. ಮಾರುಕಟ್ಟೆಯ ಜಗಳದ ದೃಶ್ಯ ಜನಕ್ಕೆ ಹಿಡಿಸದಿದ್ದರೆ ಬೇರೆ ಬರಹಗಾರರನ್ನು ನೋಡುತ್ತೇವೆಂದು ಚಾನೆಲ್‌ನವರು ಫೋನಿನಲ್ಲೇ ತಿಳಿಸಿದ್ದರು. ಗ್ಯಾಸ್ ಮಾತ್ರೆ ನುಂಗುತ್ತಲೇ ದೃಶ್ಯ ಬರೆದೆ. ಕೊನೆಗೆ ನಾಯಕಿ ಸಿಟ್ಟಿನಿಂದ ತನ್ನ ಬುಟ್ಟಿಯನ್ನೇ ಒದ್ದು ಮೀನು ಚೆಲ್ಲುತ್ತಾಳೆ. ಅದು ನನ್ನದೇ ಕಲ್ಪನೆ; ಹೆಮ್ಮೆಯಿತ್ತು.

ನಟಿಗೆ ಇಲ್ಲಿಯ ಮಾತಿನ ಧಾಟಿ ಕಲಿಸಲು ಅವರ್ಸಾದ ಶೇವಂತಿಬಾಯಿಯನ್ನು ಹುಡುಕಿ ತಂದವಳೂ ನಾನೇ. ಮೀನು ಮಾರಿಯೇ ಮೂರು ಮಕ್ಕಳನ್ನು ಬೆಳೆಸಿದವಳು. ತಾಲೀಮಿನಲ್ಲಿ ನಟಿ ನನ್ನ ಸಾಲು ಓದಿದಳು: “ಹೆಣ್ಣೆಂದರೆ ಅಬಲೆ ಎಂದುಕೊಂಡೆಯಾ? ನಾನು ಕಡಲಿನ ಮಗಳು!”

“ಇಷ್ಟೆಲ್ಲ ಮಾತಾಡೂಕೆ ಹೊತ್ತೆಲ್ಲಿ ಅದೆ ಅಕ್ಕೋರೇ? ಮೀನು ಹಾಳಾಗ್ತದೆ,” ಎಂದಳು ಶೇವಂತಿಬಾಯಿ. ಎದುರಿಗೆ ಗಿರಾಕಿ ನಿಂತಿದ್ದಾನೆಂಬಂತೆ ಕಣ್ಣು ಕಿರಿದು ಮಾಡಿ, “ಮೂಸಿ ಮೂಸಿ ನೋಡೂಕೆ ಇದೇನು ಮಲ್ಲಿಗೆ ದಂಡೆಯೇನಾ? ನಡಿ ಮನೆಗೆ. ಹೆಂಡ್ತೀನ ಕಳ್ಸು!”

ಇಡೀ ತಂಡ ನಕ್ಕಿತು. ನನ್ನ ಮಾತಿಗೂ ತಂಡ ನಕ್ಕದ್ದುಂಟು, ನಗಬೇಕಾದ ಕಡೆ ಅಲ್ಲ. ಸಂಜೆಯೊಳಗೆ ನನ್ನ ಒಂದೊಂದೇ ಸಾಲು ಹೋಗಿ ಅವಳದು ಬಂತು. ನಿರ್ದೇಶಕರು ‘ಶೇವಂತಿಬಾಯಿ ಏನಂತಾರೆ?’ ಎಂದಾಗಲೆಲ್ಲ ನನಗೆ ಮಾತ್ರೆಗೆ ಬಗ್ಗದ ಉರಿ. ಮಾತು ಕದ್ದಳೆಂದಲ್ಲ, ನಾನು ಬೆವರು ಸುರಿಸಿ ಬರೆಯುವ ಹೆಂಗಸಾಗಿ ಅವಳು ಸುಮ್ಮನೆ ನಿಂತಿದ್ದಳಲ್ಲ, ಅದಕ್ಕೆ.

ಹೊರಡುವಾಗ ನನ್ನನ್ನು ಬದಿಗೆ ಕರೆದಳು. “ಬುಟ್ಟಿ ಒದೆಯೂದು ಮಾತ್ರ ಬೇಡ. ಬೇಕಾರೆ ಗಂಡನ್ನ ಒದೀಲಿ. ಅನ್ನ ಕೊಡೂ ಬುಟ್ಟಿಗೆ ಯಾರೂ ಕಾಲು ತಾಗ್ಸೂದಿಲ್ಲ.”

“ನಿರ್ದೇಶಕರಿಗೆ ಹೇಳ್ತೇನೆ,” ಎಂದೆ. ಹೇಳಲಿಲ್ಲ. ದೃಶ್ಯದಲ್ಲಿ ನನ್ನದೆಂದು ಉಳಿದದ್ದು ಆ ಒದೆತವೊಂದೇ.

ಮರುದಿನ ಬೆಳಿಗ್ಗೆ ನಟಿ ಒದ್ದಳು. ಬಂಗಡೆ ನೆಲದ ಮೇಲೆ ಚೆಲ್ಲಾಡಿತು. ಹಿನ್ನೆಲೆಗೆ ಕೂರಿಸಿದ್ದ ಹದಿನೆಂಟು ಜನ ಮೀನುಗಾರ ಹೆಂಗಸರು ಬುಟ್ಟಿಗೆ ಕಾಲು ತಾಗಿದ್ದು ಕಂಡದ್ದೇ ಎದ್ದು, ಬುಟ್ಟಿ ತಲೆಗೇರಿಸಿ ನಡೆದೇಬಿಟ್ಟರು. “ಇದು ತಪ್ಪು ಅಂತ ಯಾರಿಗೂ ಗೊತ್ತಿರಲಿಲ್ವಾ?” ನಿರ್ದೇಶಕರು ಕೂಗಿದರು. ಅವರೆಲ್ಲರ ಮುಂದೆ ಹೊರಟಿದ್ದ ಶೇವಂತಿಬಾಯಿ ತಿರುಗಿ ನನ್ನನ್ನು ನೋಡಿದಳು.

“ನನಗೆ ಗೊತ್ತಿತ್ತು,” ಎಂದೆ. “ಇವರು ನಿನ್ನೆಯೇ ಹೇಳಿದ್ರು. ನಾನು ಮುಚ್ಚಿಟ್ಟೆ. ಹೊಟ್ಟೆಕಿಚ್ಚು.”

ಕೆಲಸ ಹೋಯಿತೆಂದೇ ನಿಂತಿದ್ದೆ. ಶೇವಂತಿಬಾಯಿ ಬುಟ್ಟಿ ಇಳಿಸಿದಳು. “ಖರೇ ಹೇಳಿಬಿಟ್ರಲ್ರಾ! ಬಾಜೂಕೆ ಕೂತು ಮೀನು ಮಾರೂರಿಗೆ ಹೊಟ್ಟೆಕಿಚ್ಚು ಇಲ್ದೆ ಇರ್ತದೆ? ಈ ಪಾರೂನ ಬುಟ್ಟೀಲಿ ದೊಡ್ಡ ಇಸ್ವಾಣ ಮೀನು ಕಂಡ್ರೆ ನಂಗೂ ಉರೀತದೆ. ಹಾಂಗಂತ ಅವ್ಳ ಬುಟ್ಟಿಗೆ ಮಣ್ಣು ಹಾಕ್ಲಿಲ್ಲ.” ಪಕ್ಕದ ಪಾರು, “ಹಾಕಿ ನೋಡು!” ಎಂದಳು. ಹೆಂಗಸರು ನಗುತ್ತ ಹಿಂದಿರುಗಿದರು.

ನಾನೂ ನಟಿಯೂ ಮೀನು ಆರಿಸಿ ತೊಳೆದೆವು. ಸಿಟ್ಟು ಬಂದರೆ ಏನು ಮಾಡುತ್ತಾರೆಂದು ಶೇವಂತಿಬಾಯಿ ಮಾಡಿ ತೋರಿಸಿದಳು: ಬುಟ್ಟಿಯನ್ನು ಮೆಲ್ಲಗೆ ಬದಿಗೆ ಸರಿಸುವುದು, ಒದ್ದೆ ಬಟ್ಟೆ ಮುಚ್ಚುವುದು, ಸೆರಗು ಸಿಕ್ಕಿಸುವುದು. ಬಾಯಿ ತೆರೆಯುವುದು ಆಮೇಲೆ. ಕ್ಯಾಮೆರಾ ಮುಂದೆ ನಟಿ ಬಟ್ಟೆ ಮುಚ್ಚುವಾಗಲೇ ಎದುರಿಗೆ ಗಿರಾಕಿಯಾಗಿದ್ದ ಪೋಷಕ ನಟ ಒಂದು ಹೆಜ್ಜೆ ಹಿಂದೆ ಸರಿದ. ಅದು ಅಭಿನಯವಾಗಿರಲಿಲ್ಲ.

ದೃಶ್ಯ ಜನಕ್ಕೆ ಹಿಡಿಸಿತು. ಕೆಲಸ ಉಳಿಯಿತು, ಪರದೆಯ ಮೇಲೆ ‘ಸಂಭಾಷಣೆ’ಯ ಕೆಳಗೆ ಹೆಸರು ಎರಡಾಯಿತು, ಮೊದಲು ಅವಳದು. ಹಾಗೆ ಬರೆದುಕೊಟ್ಟವಳು ನಾನೇ, ಹಲ್ಲು ಕಚ್ಚಿಕೊಂಡು.

ಇಂದಿಗೂ ಬಜಾರಿ ಹೆಂಗಸನ್ನು ಬರೆಯಲು ಕೂತರೆ ಅವಳು ಏನೇನು ಒಡೆಯುತ್ತಾಳೆಂದು ಯೋಚಿಸುವುದಿಲ್ಲ. ಎಷ್ಟೇ ಸಿಟ್ಟು ಬಂದರೂ ಯಾವುದನ್ನು ಮುಟ್ಟುವುದಿಲ್ಲ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಅದು ಗೊತ್ತಾದ ಮೇಲೆ ಅವಳ ಬೈಗುಳಕ್ಕೆ ತೂಕ ಬರುತ್ತದೆ. ಹೊಟ್ಟೆಕಿಚ್ಚಿಗೆ ಮಾತ್ರ ಈ ವೃತ್ತಿ ಮದ್ದು ಕಲಿಸಿಲ್ಲ.