ಗೌರವ್ವನ ರಕ್ಕಸ

ಕೂತರೆ ಮೊರದ ಹಿಂದೆ ಮರೆಯಾಗುವಷ್ಟು ಸಣಕಲು ಹೆಂಗಸು ನನ್ನ ನೆಗೆಣ್ಣಿ ಗೌರವ್ವ. ಆದರೆ ಕಥೆಯೊಳಗೆ ರಕ್ಕಸ ಬಂದನೆಂದರೆ ಅವಳ ಹೊಟ್ಟೆಯಿಂದ ಹೊರಡುವ ದನಿಗೆ ಕೊಟ್ಟಿಗೆಯ ಎಮ್ಮೆ ಮೆಲುಕು ನಿಲ್ಲಿಸಿ ಇತ್ತ ತಿರುಗುತ್ತಿತ್ತು. ಅಫಜಲಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನ ಅವಳು ತೊಗರಿ ಹಸನು ಮಾಡಲು ಕೂತರೆ ಓಣಿಯ ಮಕ್ಕಳೆಲ್ಲ ಅವಳ ಸುತ್ತ. ಎಲ್ಲರಿಗಿಂತ ಹತ್ತಿರ, ಅವಳ ತೊಡೆಗೆ ಆತುಕೊಂಡು, ನನ್ನ ನಾಲ್ಕು ವರ್ಷದ ಮಗಳು ನೀಲಾ.

ಗೌರವ್ವ ನನ್ನ ಮೈದುನನ ಹೆಂಡತಿ. ಮದುವೆಯಾಗಿ ಎಂಟು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಅಕ್ಷರ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ನನ್ನ ತವರು ಅಂದೋಲಾದಲ್ಲಿ ಮಕ್ಕಳಿಗೆ ಓದು ಕಲಿಸುತ್ತಿದ್ದ ಅಪ್ಪ ನನಗೆ ಕನ್ನಡದ ಜೊತೆ ಚೂರುಪಾರು ಸಂಸ್ಕೃತವನ್ನೂ ಹೇಳಿಕೊಟ್ಟಿದ್ದರು. ಶಾಲೆಯಲ್ಲೆಲ್ಲ ಉರ್ದು ನಡೆಯುತ್ತಿದ್ದ ಆ ನಿಜಾಮನ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆದರೂ ಮನೆಯಲ್ಲಿ ಯಾರೂ ನನ್ನ ಸುತ್ತ ಕೂರುತ್ತಿರಲಿಲ್ಲ.

ಒಂದು ದಿನ ಕಥೆಯ ನಡುವೆ ನೀಲಾ ಕೇಳಿದಳು, “ಚಿಗವ್ವಾ, ರಕ್ಕಸಗ ರಕ್ಕಸ ಅಂತ ಯಾಕ ಅಂತಾರ?”

“ನನಗೇನ್ ಗೊತ್ತವ್ವ, ನಿಮ್ಮವ್ವಗ ಕೇಳು. ಅವರು ಓದಿದೋರು,” ಎಂದಳು ಗೌರವ್ವ.

ನಾನು ಕಾಯುತ್ತಿದ್ದದ್ದೇ ಇದಕ್ಕೆ. ರಕ್ಕಸ ಎಂಬುದು ಸಂಸ್ಕೃತದ ರಾಕ್ಷಸದಿಂದ ಬಂದದ್ದು, ಅದರ ಬೇರು ‘ರಕ್ಷ’, ಅಂದರೆ ಕಾಯುವುದು. ಸೃಷ್ಟಿಯ ಮೊದಲಲ್ಲಿ ನೀರು ಹುಟ್ಟಿದಾಗ ‘ಇದನ್ನು ನಾವು ಕಾಯುತ್ತೇವೆ’ ಎಂದವರೇ ರಾಕ್ಷಸರಾದರಂತೆ, ಎಂದು ಅಪ್ಪ ಹೇಳಿದ್ದನ್ನೆಲ್ಲ ಹೇಳಿದೆ. ಮಕ್ಕಳು ಆಕಳಿಸಿದರು.

ಗೌರವ್ವ ಮಾತ್ರ ಮೊರ ಕೆಳಗಿಟ್ಟಳು. “ಹಂಗಾರ ಅವ ಕಾವಲುಗಾರ ಆದ್ನಲ್ರಿ, ಅಕ್ಕಾರ. ಕಾಯಾವ ಮತ್ತ ಮಂದೀನ ಯಾಕ ತಿಂದ?”

“ಅಪ್ಪ ಹೇಳಿದ್ದು ಅಷ್ಟ,” ಎಂದು ನಾನು ಎದ್ದು ಒಳಗೆ ಹೋದೆ.

ಮರುದಿನ ಅದಕ್ಕೆ ಉತ್ತರವನ್ನು ಅವಳೇ ಕಥೆ ಮಾಡಿ ಹೇಳಿದಳು. ಭೀಮಾ ನದಿಯ ಮಡು ಕಾಯಲು ದೇವರು ಒಬ್ಬನನ್ನು ಇಟ್ಟಿದ್ದನಂತೆ. “ಕಾಯಾಕ ಹಚ್ಚಿದ ದೇವರು ಅವಗ ಬುತ್ತಿ ಕಳಿಸೋದ ಮರತುಬಿಟ್ಟ. ಒಂದು ದಿನ ತಡದ, ಎರಡು ದಿನ ತಡದ. ಹಸದವ ಎಷ್ಟಂತ ತಡೀತಾನ?” ಮಕ್ಕಳು ರಕ್ಕಸನಿಗಾಗಿ ಅತ್ತರು. ನೀಲಾ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಅವನಿಗೆಂದು ಕಿಟಕಿಯಲ್ಲಿಟ್ಟಳು. ಕೇಳಿಸಿಕೊಂಡ ಅತ್ತೆಯೂ ಕಣ್ಣೊರೆಸಿಕೊಂಡರು. ಶಬ್ದ ನನ್ನದು, ಅದರ ಅರ್ಥ ಹೇಳಿಕೊಟ್ಟವರು ನನ್ನ ಅಪ್ಪ. ಮಕ್ಕಳು ಮಾತ್ರ ಅವಳವರು.

ಆ ಹೊಟ್ಟೆಕಿಚ್ಚು ದಿನಕ್ಕಿಷ್ಟು ಬೆಳೆಯಿತು. ಒಂದು ಬೆಳಗ್ಗೆ ನೀಲಾ ನನ್ನ ಕೈತುತ್ತು ತಳ್ಳಿ, “ಚಿಗವ್ವನ ಉಣಸಲಿ,” ಎಂದಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಗೌರವ್ವನ ಕಡೆ ತಿರುಗಿ ಅಂದುಬಿಟ್ಟೆ: “ರಕ್ಕಸಿ ಅಂದ್ರ ನೀನ ನೋಡು. ನಿನ್ನ ಹೊಟ್ಟ್ಯಾಗ ಹುಟ್ಟಲಿಲ್ಲಂತ ನನ್ನ ಮಗಳನ್ನ ನುಂಗಾಕತ್ತಿ.”

ಅವಳು ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, “ನೀಲಾ, ನಿಮ್ಮವ್ವನ ಕಡೆ ಹೋಗು,” ಎಂದಳು. ಅಷ್ಟೇ.

ಅಂದಿನಿಂದ ಪಡಸಾಲೆಯಲ್ಲಿ ಕಥೆ ನಿಂತುಹೋಯಿತು. ಆರು ತಿಂಗಳಲ್ಲಿ ಮೈದುನ ಆಳಂದದ ತೊಗರಿ ವ್ಯಾಪಾರಿಯೊಬ್ಬರ ಬಳಿ ಕೆಲಸ ಹಿಡಿದ. ಗಂಡ ಹೆಂಡತಿ ಇಬ್ಬರೂ ಹೊರಟುಹೋದರು.

ಆರು ವರ್ಷ ಕಳೆದ ಮೇಲೆ, ಮಾಫಿ ಕೇಳಬೇಕೆಂದೇ, ನೀಲಾಳನ್ನು ಕರೆದುಕೊಂಡು ಆಳಂದಕ್ಕೆ ಹೋದೆ. ಅದೇ ಕಡೆಯ ಭೇಟಿ. ಮುಂದಿನ ಬೇಸಿಗೆಯ ಕಾಲರಾ ಗೌರವ್ವನನ್ನು ಒಯ್ದಿತು. ನಾವು ಹೋದ ದಿನ ಬಾಗಿಲಲ್ಲಿ ಆ ಓಣಿಯ ಮಕ್ಕಳು ಅವಳ ಸುತ್ತ ಗುಂಪಾಗಿ ಕೂತಿದ್ದರು. ನಮ್ಮನ್ನು ಕಂಡು ಎದ್ದು, “ಬರ್ರಿ ಅಕ್ಕಾರ,” ಎನ್ನುತ್ತ ಅವಳು ನೀಲಾಳತ್ತ ಎರಡೂ ಕೈ ಚಾಚಿದಳು. ನೀಲಾಗೆ ಗುರುತು ಹತ್ತಲಿಲ್ಲ. ನನ್ನ ಸೆರಗು ಹಿಡಿದು ಹಿಂದೆ ಸರಿದಳು.

“ಇರಲಿ ಬಿಡ್ರಿ, ಆವಾಗ ಭಾಳ ಸಣ್ಣಾಕಿ ಇದ್ಲು,” ಎಂದಳು ಗೌರವ್ವ, ಚಾಚಿದ ಕೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತ.

ಆ ಗಳಿಗೆಯಲ್ಲಿ ನನಗಾದದ್ದು ಸಂತೋಷ. ಅದು ಮುಖದಲ್ಲಿ ಕಂಡಿರಬೇಕು. ಗೌರವ್ವ ನನ್ನನ್ನೇ ಒಂದಿಷ್ಟು ಹೊತ್ತು ನೋಡಿ, ನೀರು ತರಲು ಒಳಗೆ ಹೋದಳು. ಅವಳು ತಂಬಿಗೆ ಹಿಡಿದು ಹೊರಬಂದಾಗ ನಾನು ಮಾಫಿಯ ಮಾತು ಬಿಟ್ಟು ಆ ವರ್ಷದ ಜೋಳದ ಬೆಳೆಯ ಮಾತು ತೆಗೆದೆ.